ಸೂತ್ರವನ್ನು ಕೊನೆಗೆ ಬರೆಯಿರಿ: ಬಲ, ದ್ರವ್ಯರಾಶಿ, ವೇಗೋತ್ಕರ್ಷದ ಲೆಕ್ಕಕ್ಕೆ ಸಮಗ್ರ ಮಾರ್ಗದರ್ಶಿ

ಹಾಸನದಲ್ಲಿ ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಚಲನೆಯ ನಿಯಮಗಳ ಪಾಠ ಮುಗಿಸಿ ನೋಟ್‌ಬುಕ್ ತಿದ್ದಲು ಕೂತಾಗ ಪ್ರತಿ ವರ್ಷ ಒಂದೇ ತಪ್ಪು ಎದುರಾಗುತ್ತದೆ. ನಾನು ಕೊಡುವ ಲೆಕ್ಕ ಇದು:

ಕಾಫಿ ಕಣದಲ್ಲಿ 50 ಕೆ.ಜಿ. ಚೀಲವೊಂದನ್ನು ಹಗ್ಗ ಕಟ್ಟಿ 220 ನ್ಯೂಟನ್ ಬಲದಿಂದ ನೆಲಕ್ಕೆ ಸಮಾನಾಂತರವಾಗಿ ಎಳೆಯುತ್ತಿದ್ದಾರೆ. ಜಾರುತ್ತಿರುವ ಚೀಲಕ್ಕೆ ಕಣದ ಸಿಮೆಂಟು ಒಡ್ಡುವ ಘರ್ಷಣೆ 170 ನ್ಯೂಟನ್. ವೇಗೋತ್ಕರ್ಷ ಎಷ್ಟು?

ಬರುವ ಉತ್ತರ: 220 ÷ 50 = 4.4 ಮೀ/ಸೆ². ಸರಿಯಾದ ಉತ್ತರ 1 ಮೀ/ಸೆ².

ಬಲ = ದ್ರವ್ಯರಾಶಿ × ವೇಗೋತ್ಕರ್ಷ ಎಂಬುದು ಎಲ್ಲರಿಗೂ ಬಾಯಿಪಾಠ. ಭಾಗಾಕಾರವೂ ಸರಿ ಇದೆ. ಪ್ರಶ್ನೆ ಪೂರ್ತಿ ಓದುವ ಮೊದಲೇ ಸೂತ್ರ ಬರೆದು, ಕಣ್ಣಿಗೆ ಮೊದಲು ಬಿದ್ದ ಬಲವನ್ನು ಅದರೊಳಗೆ ತುರುಕಿದ್ದರಿಂದ ಉತ್ತರ ಕೆಟ್ಟಿದೆ. ಅದಕ್ಕೇ ನನ್ನ ತರಗತಿಯಲ್ಲಿ ಒಂದು ಕಟ್ಟುಪಾಡು: ಸೂತ್ರ ಆರನೇ ಹಂತದಲ್ಲಿ ಬರಬೇಕು, ಅದಕ್ಕಿಂತ ಮೊದಲು ಬರೆದಿದ್ದರೆ ಅಳಿಸಿಸುತ್ತೇನೆ.

## ಶುರು ಮಾಡುವ ಮೊದಲು ಏನೇನು ಬೇಕು

ಪೆನ್ಸಿಲ್, ರಬ್ಬರ್, ಸ್ಕೇಲು, ಗೆರೆಯಿಲ್ಲದ ಹಾಳೆ. ಚಿತ್ರ ಬಿಡಿಸದೆ ಈ ಲೆಕ್ಕ ಮಾಡಬಹುದು ಅಂದುಕೊಂಡವರೇ ಹೆಚ್ಚು ಎಡವುತ್ತಾರೆ, ಹಾಗಾಗಿ ಹಾಳೆ ಕಡ್ಡಾಯ. ಕ್ಯಾಲ್ಕುಲೇಟರ್ ದೂರ ಇಡಿ.

ಕೊನೆಯಲ್ಲಿ ಹೇಳಿರುವ ಪ್ರಯೋಗಕ್ಕೆ ಬೇಕಾದದ್ದು: ಸಲೀಸಾಗಿ ಉರುಳುವ ಆಟಿಕೆ ಗಾಡಿ, ಹೊಲಿಗೆ ದಾರದ ಖಾಲಿ ರೀಲು, ಒಂದು ಮೊಳೆ, ಗಟ್ಟಿ ದಾರ, ಅಳತೆ ಟೇಪು, ವಿಡಿಯೋ ತೆಗೆಯುವ ಮೊಬೈಲು, ಅಂಗಡಿಯಲ್ಲಿ 50 ಗ್ರಾಂ ಲೆಕ್ಕದಲ್ಲಿ ತೂಗಿಸಿದ ನಾಲ್ಕು ಸಕ್ಕರೆ ಪೊಟ್ಟಣ.

## ಹಂತ 1: ಆಡುಮಾತನ್ನೂ ಪಾಠದ ಮಾತನ್ನೂ ಬೇರ್ಪಡಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅರ್ಧ ಗೊಂದಲ ಹುಟ್ಟುವುದೇ ನಾವು ದಿನನಿತ್ಯ ಆಡುವ ಪದಗಳಿಂದ.

ಮಂಡಿಯಲ್ಲಿ ಚೀಲ ತೂಗಿ "ತೂಕ ಐವತ್ತು ಕೇಜಿ" ಅನ್ನುತ್ತಾರೆ. ವ್ಯವಹಾರಕ್ಕೆ ಅದು ಸರಿ. ಪಾಠದಲ್ಲಿ ಮಾತ್ರ 50 ಕೆ.ಜಿ. ಎಂಬುದು ದ್ರವ್ಯರಾಶಿ. ತೂಕ ಅಂದರೆ ಭೂಮಿ ಆ ಚೀಲವನ್ನು ತನ್ನತ್ತ ಎಳೆಯುವ ಬಲ, ಅದನ್ನು ಹೇಳುವುದು ನ್ಯೂಟನ್‌ನಲ್ಲಿ: 50 × 9.8 = 490 ನ್ಯೂಟನ್ (9.8 ಮೀ/ಸೆ² ಅಂದರೆ ಭೂಮಿಯ ಗುರುತ್ವ ವೇಗೋತ್ಕರ್ಷ). ಇದೇ ಚೀಲವನ್ನು ಚಂದ್ರನ ಮೇಲಿಟ್ಟರೆ ದ್ರವ್ಯರಾಶಿ 50 ಕೆ.ಜಿ.ಯಾಗಿಯೇ ಉಳಿಯುತ್ತದೆ, ತೂಕ ಸುಮಾರು 81 ನ್ಯೂಟನ್‌ಗೆ ಇಳಿಯುತ್ತದೆ. ಎತ್ತುವುದು ಅಲ್ಲಿ ಹಗುರ. ಆದರೆ ಅಡ್ಡಕ್ಕೆ 1 ಮೀ/ಸೆ² ವೇಗೋತ್ಕರ್ಷ ಕೊಡಬೇಕೆಂದರೆ ಅಲ್ಲೂ 50 ನ್ಯೂಟನ್ ನಿವ್ವಳ ಬಲವೇ ಬೇಕು. ಚಲನೆಯ ಬದಲಾವಣೆಗೆ ವಸ್ತು ಎಷ್ಟು ಒಗ್ಗದೆ ನಿಲ್ಲುತ್ತದೆ ಎಂಬುದರ ಅಳತೆ ದ್ರವ್ಯರಾಶಿ, ಹಾಗಾಗಿ ಜಾಗ ಬದಲಾದರೆ ಅದು ಬದಲಾಗದು.

"ಶಕ್ತಿ ಹಾಕಿ ತಳ್ಳು" ಅನ್ನುತ್ತೇವೆ. ಪುಸ್ತಕದಲ್ಲಿ ಶಕ್ತಿ ಅಂದರೆ ಜೂಲ್‌ನಲ್ಲಿ ಅಳೆಯುವ ಬೇರೆಯೇ ಪರಿಮಾಣ. ತಳ್ಳುವುದಕ್ಕೂ ಎಳೆಯುವುದಕ್ಕೂ ಅಲ್ಲಿರುವ ಹೆಸರು ಬಲ.

ಮೂರನೆಯದು ಇನ್ನೂ ಗಟ್ಟಿ. ವೇಗ ಜಾಸ್ತಿ ಇದ್ದರೆ ವೇಗೋತ್ಕರ್ಷವೂ ಜಾಸ್ತಿ ಎಂದು ಬಹಳ ಮಕ್ಕಳ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬೆಂಗಳೂರು ಹೆದ್ದಾರಿಯಲ್ಲಿ ನೇರ ದಾರಿಯಲ್ಲಿ ಒಂದೇ ಸಮನೆ 80 ಕಿ.ಮೀ. ವೇಗದಲ್ಲಿ ಓಡುವ ಬಸ್ಸಿನ ವೇಗೋತ್ಕರ್ಷ ಸೊನ್ನೆ. ನಿಲ್ದಾಣದಿಂದ ಆಗತಾನೇ ಹೊರಟು ಆಮೆಯಂತೆ ತೆವಳುತ್ತಿರುವ ಬಸ್ಸಿಗೆ ವೇಗೋತ್ಕರ್ಷ ಇದೆ, ಯಾಕೆಂದರೆ ಅದರ ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ. ವೇಗ ಎಷ್ಟಿದೆ ಎಂದು ಕೇಳಬೇಡಿ, ಸೆಕೆಂಡಿಗೆ ಎಷ್ಟು ಬದಲಾಗುತ್ತಿದೆ ಎಂದು ಕೇಳಿ.

## ಹಂತ 2: ಒಂದೇ ಒಂದು ವಸ್ತುವನ್ನು ಆರಿಸಿ ಸುತ್ತ ಗೆರೆ ಹಾಕಿ

ಪ್ರಶ್ನೆಯಲ್ಲಿ ಚೀಲ, ಹಗ್ಗ, ಎಳೆಯುವವರು, ಕಣ ಎಲ್ಲವೂ ಇರುತ್ತವೆ. ವೇಗೋತ್ಕರ್ಷ ಕೇಳಿರುವುದು ಯಾವುದಕ್ಕೆ? ಚೀಲಕ್ಕೆ. ಹಾಗಾದರೆ ಚೀಲವನ್ನು ಒಂದು ಚೌಕವಾಗಿ ಬಿಡಿಸಿ, ಮಿಕ್ಕಿದ್ದನ್ನೆಲ್ಲ ಹಾಳೆಯಿಂದ ಹೊರಗಿಡಿ. ಸೂತ್ರದಲ್ಲಿ ಬರುವ ದ್ರವ್ಯರಾಶಿ ಈ ಚೌಕದೊಳಗಿರುವುದರದ್ದು ಮಾತ್ರ.

ಎರಡು ವಸ್ತು ಜೋಡಿಯಾಗಿ ಚಲಿಸುವಾಗ ಚೌಕ ಎಲ್ಲಿ ಹಾಕುತ್ತೀರಿ ಎಂಬುದು ನಿರ್ಣಾಯಕ. ಅದನ್ನು ಟ್ರಾಕ್ಟರಿನ ಉದಾಹರಣೆಯಲ್ಲಿ ಮುಂದೆ ನೋಡೋಣ.

## ಹಂತ 3: ಪ್ರತಿ ಬಾಣಕ್ಕೂ "ಕೊಟ್ಟವರು ಯಾರು?" ಎಂದು ಕೇಳಿ

ಈಗ ಚೌಕದ ಮೇಲೆ ಬೀಳುವ ಬಲಗಳನ್ನು ಬಾಣಗಳಾಗಿ ಬಿಡಿಸಿ. ಚೀಲವನ್ನು ಮುಟ್ಟುತ್ತಿರುವುದು ಯಾವುವು? ಹಗ್ಗ ಮತ್ತು ಕಣದ ನೆಲ. ಮುಟ್ಟದೆಯೇ ಎಳೆಯುವುದು ಭೂಮಿ. ಹಗ್ಗ ಮುಂದಕ್ಕೆ 220, ನೆಲದ ಘರ್ಷಣೆ ಹಿಂದಕ್ಕೆ 170, ಭೂಮಿ ಕೆಳಕ್ಕೆ 490, ನೆಲ ಮೇಲಕ್ಕೆ ಒತ್ತುವುದು 490. ನಾಲ್ಕು ಬಾಣ, ಮುಗಿಯಿತು.

ಮಕ್ಕಳು ಐದನೆಯದೊಂದನ್ನು ಸೇರಿಸುತ್ತಾರೆ. "ಚೀಲ ಮುಂದಕ್ಕೆ ಹೋಗ್ತಾ ಇದೆಯಲ್ಲ ಮೇಷ್ಟ್ರೇ, ಅದಕ್ಕೊಂದು ಚಲನೆಯ ಬಲ." ಆ ಬಲ ಕೊಟ್ಟವರು ಯಾರು? ಹೆಸರು ಹೇಳಲು ಆಗದಿದ್ದರೆ ಬಾಣ ಅಳಿಸಿ. ಬ್ಯಾಟಿನಿಂದ ಹಾರಿದ ಚೆಂಡಿನ ಮೇಲೆ ಗಾಳಿಯಲ್ಲಿರುವಾಗ ಬ್ಯಾಟಿನ ಬಲ ಉಳಿದಿರುವುದಿಲ್ಲ. ಭೂಮಿಯ ಎಳೆತ ಮತ್ತು ಗಾಳಿಯ ತಡೆ ಎರಡೇ ಇರುತ್ತವೆ. ಇದನ್ನು ಒಪ್ಪಿಸುವುದಕ್ಕೆ ನನಗೆ ಒಂದು ವಾರವೇ ಹಿಡಿಯುತ್ತದೆ, ಆದರೂ ಬಿಡುವುದಿಲ್ಲ. ಇದು ಗಟ್ಟಿಯಾದರೆ ಮುಂದಿನ ಎರಡು ವರ್ಷದ ಪಾಠ ಹಗುರವಾಗುತ್ತದೆ.

ದ್ರವ್ಯರಾಶಿ × ವೇಗೋತ್ಕರ್ಷ ಎಂಬುದನ್ನೂ ಬಾಣವಾಗಿ ಬರೆಯಬೇಡಿ. ಅದು ಬಾಣಗಳೆಲ್ಲ ಸೇರಿ ಬರುವ ಫಲ.

ಮೂರನೇ ನಿಯಮದ ಜೋಡಿಬಲವನ್ನು ಒಂದೇ ಚಿತ್ರದಲ್ಲಿ ಹಾಕುವುದು ಇನ್ನೊಂದು ತಪ್ಪು. ಹಗ್ಗ ಚೀಲವನ್ನು ಎಳೆಯುವುದು ಚೀಲದ ಚಿತ್ರಕ್ಕೆ ಸೇರಿದ್ದು. ಚೀಲ ಹಗ್ಗವನ್ನು ಹಿಂದಕ್ಕೆ ಎಳೆಯುವುದು ಹಗ್ಗದ ಚಿತ್ರಕ್ಕೆ ಸೇರಿದ್ದು. ಎರಡನ್ನೂ ಒಂದೇ ಚೌಕದ ಮೇಲೆ ಹಾಕಿದರೆ ಅವು ಒಂದನ್ನೊಂದು ಹೊಡೆದುಹಾಕಿ, ಲೋಕದಲ್ಲಿ ಯಾವ ವಸ್ತುವೂ ಕದಲದು ಎಂಬ ಉತ್ತರ ಬರುತ್ತದೆ.

## ಹಂತ 4: ದಿಕ್ಕು ಆರಿಸಿ, ಕೂಡಿ ಕಳೆಯಿರಿ

ಚಲನೆಯ ದಿಕ್ಕನ್ನು ಧನ ಎಂದು ಬರೆದುಕೊಳ್ಳಿ. ಆ ಗೆರೆಯ ಮೇಲಿರುವ ಬಾಣಗಳನ್ನು ಮಾತ್ರ ಚಿಹ್ನೆ ಸಮೇತ ಕೂಡಿ: 220 − 170 = 50 ನ್ಯೂಟನ್. ಇದೇ ನಿವ್ವಳ ಬಲ. ಮೇಲೆ-ಕೆಳಗಿನ 490ರ ಜೋಡಿ ಬೇರೆ ಗೆರೆಯದ್ದು, ಅಲ್ಲಿ ಮೊತ್ತ ಸೊನ್ನೆ, ಅದಕ್ಕೇ ಚೀಲ ಹಾರುವುದೂ ಇಲ್ಲ, ನೆಲದೊಳಗೆ ಹೂತುಹೋಗುವುದೂ ಇಲ್ಲ.

ದಿಕ್ಕನ್ನು ಲೆಕ್ಕದ ನಡುವೆ ಬದಲಿಸಬೇಡಿ. ಬಲಗಡೆ ಧನ ಎಂದಿದ್ದರೆ ಕೊನೆಯ ಸಾಲಿನವರೆಗೂ ಬಲಗಡೆಯೇ ಧನ.

## ಹಂತ 5: ಮಾನಗಳನ್ನು ಸರಿಪಡಿಸಿ

ಒಂದು ಕೆ.ಜಿ. ದ್ರವ್ಯರಾಶಿಗೆ 1 ಮೀ/ಸೆ² ವೇಗೋತ್ಕರ್ಷ ಕೊಡುವ ಬಲ 1 ನ್ಯೂಟನ್. ಹಾಗಾಗಿ ಸೂತ್ರದೊಳಗೆ ಹೋಗುವುದು ಕಿಲೋಗ್ರಾಂ, ಮೀಟರ್, ಸೆಕೆಂಡ್ ಮಾತ್ರ. ಗ್ರಾಂ ಇದ್ದರೆ 1000ದಿಂದ ಭಾಗಿಸಿ. ಕ್ವಿಂಟಲ್ ಇದ್ದರೆ 100ರಿಂದ, ಟನ್ ಇದ್ದರೆ 1000ದಿಂದ ಗುಣಿಸಿ. ಗಂಟೆಗೆ ಕಿ.ಮೀ. ಇದ್ದರೆ 3.6ರಿಂದ ಭಾಗಿಸಿ.

ಈ ಹಂತ ಬಿಟ್ಟರೆ ಏನಾಗುತ್ತದೆ ನೋಡಿ. ಪ್ರಯಾಣಿಕರೂ ಸೇರಿ 12,000 ಕೆ.ಜಿ. ಇರುವ ಬಸ್ಸು ಗಂಟೆಗೆ 54 ಕಿ.ಮೀ. ವೇಗದಿಂದ 5 ಸೆಕೆಂಡಿನಲ್ಲಿ ನಿಂತಿತು. ಸರಾಸರಿ ತಡೆಬಲ ಎಷ್ಟು? ಮಾನ ಬದಲಿಸದವರು 54 ÷ 5 = 10.8 ಎಂದು ಬರೆದು 1,29,600 ನ್ಯೂಟನ್ ತರುತ್ತಾರೆ. ಸರಿಯಾದ ದಾರಿ: 54 ÷ 3.6 = 15 ಮೀ/ಸೆ; 15 ÷ 5 = 3 ಮೀ/ಸೆ², ವೇಗ ಕುಗ್ಗುತ್ತಿರುವುದರಿಂದ −3; ಬಲ −36,000 ನ್ಯೂಟನ್. ಋಣ ಚಿಹ್ನೆ ಬಿಡಬೇಡಿ, ಬಲ ಹಿಂದಕ್ಕಿದೆ ಎಂದು ಹೇಳುವುದೇ ಅದು.

ಗುರುತ್ವ ವೇಗೋತ್ಕರ್ಷಕ್ಕೆ 9.8 ಹಾಕಬೇಕೋ 10 ಹಾಕಬೇಕೋ ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಅದನ್ನೇ ಹಾಕಿ, ಕೊಡದಿದ್ದರೆ 9.8.

## ಹಂತ 6: ಈಗ ಸೂತ್ರ

ನಿವ್ವಳ ಬಲ = ದ್ರವ್ಯರಾಶಿ × ವೇಗೋತ್ಕರ್ಷ. "ನಿವ್ವಳ" ಎಂಬ ಪದವನ್ನು ಪ್ರತಿ ಸಲವೂ ಬರೆಯಿರಿ. ಚೀಲಕ್ಕೆ 50 = 50 × ವೇಗೋತ್ಕರ್ಷ, ಉತ್ತರ 1 ಮೀ/ಸೆ².

ಇದೇ ಕ್ರಮದಲ್ಲಿ ಲಿಫ್ಟಿನ ಲೆಕ್ಕ ಮಾಡಿ. 60 ಕೆ.ಜಿ. ದ್ರವ್ಯರಾಶಿಯ ವ್ಯಕ್ತಿ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾರೆ. ಲಿಫ್ಟು ಮೇಲಕ್ಕೆ 1 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಟಿದೆ. ಬಾಣ ಎರಡೇ: ಭೂಮಿ ಕೆಳಕ್ಕೆ 588, ಯಂತ್ರ ಮೇಲಕ್ಕೆ ಒತ್ತುವ ಬಲ ನಮಗೆ ಬೇಕಾದದ್ದು. ಒತ್ತುವ ಬಲ − 588 = 60 × 1, ಅಂದರೆ 648 ನ್ಯೂಟನ್. ಯಂತ್ರ ಸುಮಾರು 66 ಕೆ.ಜಿ. ತೋರಿಸುತ್ತದೆ. ದ್ರವ್ಯರಾಶಿ ಒಂದು ಗ್ರಾಂ ಕೂಡ ಹೆಚ್ಚಿಲ್ಲ. ಲಿಫ್ಟು ಒಂದೇ ವೇಗಕ್ಕೆ ಬಂದ ಮೇಲೆ ಯಂತ್ರ ಮತ್ತೆ 60 ತೋರಿಸುತ್ತದೆ.

## ಹಂತ 7: ಅಪಾಯದ ಸೂಚನೆಗಳನ್ನು ನೋಡಿ

ಉತ್ತರ ಬಂದ ಮೇಲೆ ಅರ್ಧ ನಿಮಿಷ ಕೊಡಿ. ಬ್ರೇಕ್ ಹಾಕಿದ ವಾಹನದ ವೇಗೋತ್ಕರ್ಷ 9.8ನ್ನು ದಾಟಿದೆಯೇ? ಸಾಮಾನ್ಯ ಟೈರು ಒಣ ಡಾಂಬರಿನ ಮೇಲೂ ಅಷ್ಟು ಹಿಡಿತ ಕೊಡುವುದಿಲ್ಲ, ಮಳೆ ಬಿದ್ದ ಘಾಟಿಯಲ್ಲಂತೂ ದೂರದ ಮಾತು. ಮೇಲಿನ 10.8 ಬಂದಾಗಲೇ ಮಾನ ತಪ್ಪಿದೆ ಎಂದು ಗೊತ್ತಾಗಬೇಕಿತ್ತು.

ಉತ್ತರದ ಮಾನ ನ್ಯೂಟನ್ ಬರಬೇಕಾದಲ್ಲಿ ಕೆ.ಜಿ. ಬಂದಿದ್ದರೆ ಒಂದನೇ ಹಂತಕ್ಕೆ ಹಿಂತಿರುಗಿ. ಇರುವೆಯಷ್ಟು ವಸ್ತುವಿಗೆ ಸಾವಿರಾರು ನ್ಯೂಟನ್ ಬಂದಿದ್ದರೆ ಗ್ರಾಂ ಹಾಗೇ ಉಳಿದಿದೆ.

ಇನ್ನೊಂದು ಸೂಚನೆ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಅದೇ ಚೀಲವನ್ನು ನಿಂತಲ್ಲಿಂದ 150 ನ್ಯೂಟನ್‌ನಿಂದ ಎಳೆದರೆ? 150 − 170 = −20, ವೇಗೋತ್ಕರ್ಷ −0.4 ಎಂದು ಬರೆಯುತ್ತಾರೆ. ಅಂದರೆ ಮುಂದಕ್ಕೆ ಎಳೆದ ಚೀಲ ಹಿಂದಕ್ಕೆ ಹೊರಡಬೇಕು! ನಿಂತ ವಸ್ತುವಿನ ಮೇಲಿನ ಘರ್ಷಣೆ ಎಳೆತಕ್ಕೆ ತಕ್ಕಷ್ಟೇ ಏಳುತ್ತದೆ. 150 ಎಳೆದರೆ 150, 100 ಎಳೆದರೆ 100, ಎಳೆಯದಿದ್ದರೆ ಸೊನ್ನೆ. ಚೀಲ ಕದಲದು, ವೇಗೋತ್ಕರ್ಷ ಸೊನ್ನೆ. ಆಗಲೇ ಜಾರುತ್ತಿರುವ ಚೀಲದ ಎಳೆತವನ್ನು 150ಕ್ಕೆ ಇಳಿಸಿದರೆ ಮಾತ್ರ −0.4 ಸರಿ, ಅದು ನಿಧಾನವಾಗಿ ನಿಲ್ಲುತ್ತದೆ. ಹಾಗಾಗಿ ಘರ್ಷಣೆಯ ಲೆಕ್ಕದಲ್ಲಿ ವಸ್ತು ನಿಂತಿದೆಯೋ ಜಾರುತ್ತಿದೆಯೋ ಎಂಬುದನ್ನು ಚಿತ್ರದ ಪಕ್ಕದಲ್ಲೇ ಬರೆದಿಡಿ.

## ಟ್ರಾಕ್ಟರು ಮತ್ತು ಟ್ರೇಲರು: ಚೌಕ ಎಲ್ಲಿ ಹಾಕಬೇಕು

2,000 ಕೆ.ಜಿ. ಟ್ರಾಕ್ಟರು, ಆಲೂಗಡ್ಡೆ ತುಂಬಿದ 3,000 ಕೆ.ಜಿ. ಟ್ರೇಲರನ್ನು ಸಮತಟ್ಟು ರಸ್ತೆಯಲ್ಲಿ 0.5 ಮೀ/ಸೆ² ವೇಗೋತ್ಕರ್ಷದಲ್ಲಿ ಎಳೆಯುತ್ತಿದೆ. ರಸ್ತೆಯ ತಡೆ ಟ್ರಾಕ್ಟರಿಗೆ 600, ಟ್ರೇಲರಿಗೆ 900 ನ್ಯೂಟನ್. ಎರಡನ್ನೂ ಜೋಡಿಸುವ ಕೊಂಡಿಯಲ್ಲಿ ಎಳೆತ ಎಷ್ಟು?

5,000 × 0.5 = 2,500 ಎಂದು ಬರೆದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಕೊಂಡಿಯ ಎಳೆತ ಬೇಕಾದರೆ ಚೌಕ ಟ್ರೇಲರಿನ ಸುತ್ತ ಮಾತ್ರ ಇರಬೇಕು, ಆಗಲೇ ಕೊಂಡಿ ಹೊರಗಿನ ಬಲವಾಗಿ ಕಾಣಿಸುತ್ತದೆ. ಎಳೆತ − 900 = 3,000 × 0.5, ಎಳೆತ 2,400 ನ್ಯೂಟನ್. ರಸ್ತೆ ಟ್ರಾಕ್ಟರಿನ ಚಕ್ರಗಳನ್ನು ಮುಂದಕ್ಕೆ ನೂಕುವ ಬಲ ಬೇಕಾದರೆ ಎರಡನ್ನೂ ಒಂದೇ ಚೌಕದೊಳಗೆ ಹಾಕಿ: ನೂಕುಬಲ − 1,500 = 5,000 × 0.5, ಅಂದರೆ 4,000 ನ್ಯೂಟನ್. ಈಗ ತಾಳೆ ನೋಡಿ. ಟ್ರಾಕ್ಟರಿನ ಸುತ್ತ ಮಾತ್ರ ಚೌಕ ಹಾಕಿದರೆ 4,000 − 600 − 2,400 = 1,000, ಅದು 2,000 × 0.5ಕ್ಕೆ ಸಮ. ಮೂರು ಚಿತ್ರವೂ ಒಪ್ಪಿದರೆ ಪರೀಕ್ಷಾ ಕೊಠಡಿಯಿಂದ ನಿಶ್ಚಿಂತೆಯಿಂದ ಹೊರಗೆ ಬರಬಹುದು.

## ಇಳಿಜಾರು: ಸಕಲೇಶಪುರದ ಹಳಿಯ ಮೇಲೆ ಒಂದು ಲೆಕ್ಕ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವ ಘಾಟಿ ಹಳಿ ಕಡಿದಾದ ಕಡೆ 50 ಮೀಟರಿಗೆ 1 ಮೀಟರ್ ಇಳಿಯುತ್ತದೆ. ಕಣ್ಣಿಗೆ ಇದು ಇಳಿಜಾರು ಅಂತಲೇ ಅನ್ನಿಸದು. ಲೆಕ್ಕ ಬೇರೆ ಮಾತು ಹೇಳುತ್ತದೆ.

1,000 ಟನ್ ರೈಲೊಂದು ಈ ಹಳಿಯಲ್ಲಿ ಮೇಲೇರುತ್ತಿದೆ ಎಂದಿಟ್ಟುಕೊಳ್ಳಿ. ತೂಕ 98,00,000 ನ್ಯೂಟನ್. ಇಳಿಜಾರಿನ ಗುಂಟ ಹಿಂದಕ್ಕೆ ಎಳೆಯುವುದು ತೂಕದ ಐವತ್ತನೇ ಒಂದು ಭಾಗ, ಅಂದರೆ 1,96,000 ನ್ಯೂಟನ್. ಇನ್ನುಳಿದ ತಡೆಗಳನ್ನು ಸದ್ಯಕ್ಕೆ ಬಿಡಿ. 0.05 ಮೀ/ಸೆ² ವೇಗೋತ್ಕರ್ಷ ಬೇಕಿದ್ದರೆ ನಿವ್ವಳ ಬಲ 10,00,000 × 0.05 = 50,000 ನ್ಯೂಟನ್. ಎಂಜಿನ್ ಕೊಡಬೇಕಾದದ್ದು 1,96,000 + 50,000 = 2,46,000 ನ್ಯೂಟನ್. ಸೂತ್ರ ಮಾತ್ರ ನಂಬಿ 50,000 ಸಾಕು ಎಂದವರ ರೈಲು ಬೆಟ್ಟ ಹತ್ತುವ ಬದಲು ಹಿಂದಕ್ಕೆ ಜಾರುತ್ತದೆ.

ಇಳಿಯುವಾಗ ಬ್ರೇಕೂ ಇಲ್ಲ, ತಡೆಯೂ ಇಲ್ಲ ಎಂದುಕೊಂಡರೆ ವೇಗೋತ್ಕರ್ಷ 9.8 ÷ 50 = 0.196 ಮೀ/ಸೆ². ಬಹಳ ಕಡಿಮೆ ಅನ್ನಿಸುತ್ತದೆ ಅಲ್ಲವೇ? ನಿಂತ ರೈಲು ಒಂದು ನಿಮಿಷದಲ್ಲಿ ಗಂಟೆಗೆ ಸುಮಾರು 42 ಕಿ.ಮೀ. ವೇಗ ತಲುಪಿಬಿಡುತ್ತದೆ. ಈ ಉತ್ತರದಲ್ಲಿ 1,000 ಟನ್ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ದ್ರವ್ಯರಾಶಿ ಹೆಚ್ಚಿದಷ್ಟೂ ಎಳೆಯುವ ಬಲ ಹೆಚ್ಚುತ್ತದೆ, ಕದಲಿಸುವ ಕಷ್ಟವೂ ಅಷ್ಟೇ ಹೆಚ್ಚುತ್ತದೆ, ಎರಡೂ ಸರಿಹೋಗುತ್ತವೆ.

ಪಿಯುಸಿಯವರಿಗೆ ಒಂದು ಮಾತು: ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಬಸ್ಸು ತಿರುವಿನಲ್ಲಿ ಒಂದೇ ವೇಗದಲ್ಲಿದ್ದರೂ ದಿಕ್ಕು ಬದಲಾಗುವುದರಿಂದ ವೇಗೋತ್ಕರ್ಷ ಇದೆ. ಅದು ವೇಗದ ವರ್ಗ ÷ ತ್ರಿಜ್ಯ: 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿ.ಮೀ. ಇದ್ದರೆ 5 ಮೀ/ಸೆ², 18 ಕಿ.ಮೀ. ಇದ್ದರೆ 1.25 ಮೀ/ಸೆ². ಆ ಬಲ ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ, ದಿಕ್ಕು ತಿರುವಿನ ಒಳಕ್ಕೆ. ಹೊರಕ್ಕೆ ಬಾಣ ಹಾಕಿದ್ದರೆ ಮೂರನೇ ಹಂತದ ಪ್ರಶ್ನೆ ಕೇಳಿಕೊಳ್ಳಿ.

## ಮನೆಯಲ್ಲೇ ಅಳೆದು ನೋಡಿ

ಮೇಜಿನ ಅಂಚಿಗೆ ಮೊಳೆ ಹೊಡೆದು ರೀಲು ಸಿಕ್ಕಿಸಿ, ಅದು ಸರಾಗವಾಗಿ ತಿರುಗಬೇಕು. ಗಾಡಿಗೆ ಕಟ್ಟಿದ ದಾರವನ್ನು ರೀಲಿನ ಮೇಲೆ ಹಾಯಿಸಿ ತುದಿಗೆ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲ ಕಟ್ಟಿ. ಗಾಡಿಯ ಮೇಲೆ ಕಲ್ಲು ಗಿಲ್ಲು ಇಟ್ಟು, ಗಾಡಿ, ಕಲ್ಲು, ಚೀಲ, ನಾಲ್ಕೂ ಸಕ್ಕರೆ ಪೊಟ್ಟಣ ಸೇರಿ ಒಟ್ಟು ಸರಿಯಾಗಿ 1 ಕೆ.ಜಿ. ಆಗುವಂತೆ ತೂಗಿಸಿ. ಓಡುವ ದಾರಿಯಲ್ಲಿ 60 ಸೆಂ.ಮೀ. ಗುರುತು ಹಾಕಿ. ಅಷ್ಟು ದೂರ ಹೋಗುವ ಮೊದಲು ಪೊಟ್ಟಣ ನೆಲ ಮುಟ್ಟಬಾರದು.

ಮೊದಲು ಒಂದು ಪೊಟ್ಟಣ ತೂಗುಬಿಟ್ಟು ಮೂರನ್ನು ಗಾಡಿಯಲ್ಲಿಡಿ. ಆಮೇಲೆ ಗಾಡಿಯಿಂದ ಒಂದೊಂದೇ ತೆಗೆದು ಚೀಲಕ್ಕೆ ಹಾಕುತ್ತಾ ಹೋಗಿ. ಹೊರಗಿನಿಂದ ಹೊಸ ಪೊಟ್ಟಣ ತಂದು ಹಾಕಬೇಡಿ. ತೂಗುವ ಪೊಟ್ಟಣವೂ ಗಾಡಿಯ ಜೊತೆಗೇ ಚಲಿಸುತ್ತದೆ, ಹಾಗಾಗಿ ಹೊಸದನ್ನು ಹಾಕಿದರೆ ಬಲದ ಜೊತೆ ದ್ರವ್ಯರಾಶಿಯೂ ಬದಲಾಗಿ ಯಾವುದರಿಂದ ಏನಾಯಿತು ಎಂದು ತಿಳಿಯದು.

ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಒಂದು ಸೆಕೆಂಡಿನ ಅಳತೆಯಲ್ಲಿ ತಪ್ಪು ದೊಡ್ಡದಾಗುತ್ತದೆ. ವಿಡಿಯೋ ತೆಗೆದು ಚೌಕಟ್ಟುಗಳನ್ನು ಎಣಿಸಿ. ಎರಡು ಪೊಟ್ಟಣ ತೂಗುವಾಗ ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೋದಲ್ಲಿ 37 ಚೌಕಟ್ಟು ಬಂದರೆ ಕಾಲ 1.23 ಸೆಕೆಂಡ್. ನಿಂತಲ್ಲಿಂದ ಹೊರಟ ಗಾಡಿಗೆ ವೇಗೋತ್ಕರ್ಷ = 2 × ದೂರ ÷ ಕಾಲದ ವರ್ಗ, ಅಂದರೆ 1.2 ÷ 1.51, ಸುಮಾರು 0.79 ಮೀ/ಸೆ². ಬಿಡುವಾಗ ಗಾಡಿಯನ್ನು ನೂಕಬೇಡಿ, ಬೆರಳು ಮೇಲೆತ್ತಿ ಬಿಡಿ.

ನಾಲ್ಕು ಅಳತೆಯನ್ನೂ ನಕ್ಷೆ ಹಾಳೆಯಲ್ಲಿ ಗುರುತಿಸಿ: ಅಡ್ಡಕ್ಕೆ ತೂಗುವ ಪೊಟ್ಟಣಗಳ ತೂಕ ನ್ಯೂಟನ್‌ನಲ್ಲಿ, ಉದ್ದಕ್ಕೆ ವೇಗೋತ್ಕರ್ಷ. ಚುಕ್ಕೆಗಳು ಹೆಚ್ಚೂಕಡಿಮೆ ಒಂದೇ ಸರಳರೇಖೆಯ ಮೇಲೆ ಬರಬೇಕು. ರೇಖೆ ಬಾಗಿದ್ದರೆ ದಾರ ಮೇಜಿಗೆ ಉಜ್ಜುತ್ತಿದೆ ಅಥವಾ ರೀಲು ಕಚ್ಚುತ್ತಿದೆ. ರೇಖೆ ನೆಟ್ಟಗಿದ್ದೂ ಸೊನ್ನೆಯಿಂದ ಹೊರಡದೆ, ಅಡ್ಡ ಗೆರೆಯನ್ನು 0.2 ನ್ಯೂಟನ್ ಹತ್ತಿರ ಕಡಿದರೆ ಪ್ರಯೋಗ ಕೆಟ್ಟಿತೆಂದು ಅಳಿಸಬೇಡಿ. ಆ 0.2 ನಿಮ್ಮ ಗಾಡಿ ಮತ್ತು ರೀಲಿನ ಘರ್ಷಣೆ. ಎರಡು ಪೊಟ್ಟಣ ತೂಗುವಾಗ 0.98ರಿಂದ ಅದನ್ನು ಕಳೆದು ನೋಡಿ.